ಮುರಿದ ಬಣ್ಣ, ಸಕ್ಕರೆ ಅಚ್ಚು

ನಮ್ಮ ಸೋದರತ್ತೆಯ ಸಕ್ಕರೆ ಅಚ್ಚಿಗೆ ಮೇಣ ಮೆತ್ತಿಸಿದವನು ನಾನೇ. ಇದನ್ನು ಮೊದಲಿಗೇ ಒಪ್ಪಿಕೊಂಡುಬಿಡುವುದು ಮೇಲು. ಯಾಕೆಂದರೆ ಸಾಹಿತ್ಯ ಸಂಘದ ಗೆಳೆಯರು ಈ ಕಥೆಯನ್ನು ಈಗಾಗಲೇ ಕ್ಯಾಂಟೀನಿನಲ್ಲಿ ತಮಗೆ ತೋಚಿದ ಹಾಗೆ ಹೇಳಿಕೊಂಡು ಸಾಕಷ್ಟು ನಕ್ಕಿದ್ದಾರೆ. ಸಂಚಿಕೆಗೆ ಏನಾದರೂ ಕೊಡು ಮಾರಾಯ ಎಂದು ಸಂಪಾದಕರು ಬೆನ್ನು ಹತ್ತಿದಾಗ, ಆದದ್ದನ್ನು ಆದ ಹಾಗೇ ಬರೆದುಬಿಡೋಣ ಅನ್ನಿಸಿತು.

ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವಿ ಪಡೆದರು. ನಮ್ಮ ಸಂಘದ ಯಾವ ಸಭೆಯಲ್ಲೂ ಈ ಮಾತು ಬರದೆ ಇರುವುದಿಲ್ಲ. ಆದರೆ ಅದೇ ಪುಣೆಯಲ್ಲಿ ಬಾಲೇವಾಡಿ, ವಾಕಡ್, ಹಿಂಜೇವಾಡಿ ಕಡೆ ಹೋದರೆ ಎದ್ದು ನಿಲ್ಲುತ್ತಿರುವ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳ ಸಾಲು ಕಾಣುತ್ತದೆ. ಆ ಶೆಡ್ಡುಗಳಲ್ಲಿ ಅಪ್ಪಟ ಕನ್ನಡ ಕೇಳಿಸುತ್ತದೆ: ಯಾದಗಿರಿಯದು, ಕಲಬುರ್ಗಿಯದು, ವಿಜಯಪುರದ್ದು. ಸ್ಲ್ಯಾಬು ಹಾಕಲು, ಇಟ್ಟಿಗೆ ಹೊರಲು ಬಂದವರು. ಅವರ ಮಕ್ಕಳು ಅಪ್ಪನ ಹತ್ತಿರ ಕನ್ನಡ, ಮುಕಾದಮನ ಹತ್ತಿರ ಹಿಂದಿ, ಅಂಗಡಿಯವನ ಹತ್ತಿರ ಮರಾಠಿ ಆಡುತ್ತಾರೆ. ಬರೆಯಲು ಮೂರರಲ್ಲಿ ಒಂದೂ ಬಾರದು. ನಾವು ಮೂವರು ಗೆಳೆಯರು ಹೋದ ವರ್ಷ ಭಾನುವಾರಕ್ಕೊಮ್ಮೆ ಅಂಥ ಒಂದು ಕಡೆ ಹೋಗಿ ಅಕ್ಷರ ಕಲಿಸಲು ಸುರುಮಾಡಿದೆವು. ದೊಡ್ಡ ಸಮಾಜಸೇವೆ ಎಂದೇನಲ್ಲ. ಹಾಸ್ಟೆಲಿನ ಭಾನುವಾರ ಬಹಳ ಉದ್ದ, ಅಷ್ಟೇ.

ಪಕ್ಕದ ಮುಗಿದ ಕಟ್ಟಡದಲ್ಲಿ ವಾಸವಾಗಿದ್ದ ತಾಯಿಯೊಬ್ಬರು ನಮ್ಮನ್ನು ಕರೆದು ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟರು. ತುಂಬ ಕ್ರೆಯಾನ್ ತುಂಡುಗಳು! ಹಳೆಯವು, ಮುರಿದವು, ಕಾಗದ ಅರ್ಧ ಕಿತ್ತವು. ನಾವು ಸಂಭ್ರಮದಿಂದ ತಂದು ಮಕ್ಕಳ ಮುಂದೆ ಸುರಿದೆವು. ಎಂಟೊಂಬತ್ತು ವರ್ಷದ ಒಬ್ಬಳು ಹುಡುಗಿ, ಯಾವಾಗಲೂ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕೂಡುವವಳು, ಒಂದೊಂದೇ ತುಂಡು ಎತ್ತಿ ನೋಡಿ ಕೆಳಗಿಟ್ಟಳು.

“ಅಣ್ಣಾರ, ಎಲ್ಲಾ ಮುರದಾವು.”

“ಮುರಿದಿದ್ದರೇನಾಯಿತು? ಬಣ್ಣ ಬರ್ತದಲ್ಲ?”

“ಬರ್ತೈತಿ. ಆದ್ರ ನಮಗ ಕೊಡೂ ಮುಂದ ಮುರದು ಕೊಡ್ತಾರೇನು?”

ಅವಳು ಕೊಂಕು ಮಾತಾಡಿದ್ದಲ್ಲ. ತಿಳಿಯದೆ ಕೇಳಿದಳು. ಹಳೇ ಬಟ್ಟೆ, ಹಳೇ ಚಪ್ಪಲಿ, ಹಳೇ ಬಣ್ಣ ಎಲ್ಲವೂ ಅವಳಿಗೆ ಬರುವಾಗ ಹರಿದೋ ಮುರಿದೋ ಬಂದಿರಬೇಕು. ಇದೊಂದು ಪದ್ಧತಿ ಎಂದೇ ತಿಳಿದಿದ್ದಳು. ನನಗೆ ಉತ್ತರ ಹೊಳೆಯಲಿಲ್ಲ. “ಮುಂದಿನ ವಾರ ಇವನ್ನೆಲ್ಲ ಹೊಸವು ಮಾಡೋಣ” ಎಂದು ಹೇಳಿಬಿಟ್ಟೆ. ಆಡಿದ ಮೇಲೆ ಮಾಡಬೇಕಲ್ಲ!

ಕ್ರೆಯಾನ್ ಎಂದರೆ ಮುಖ್ಯವಾಗಿ ಪ್ಯಾರಾಫಿನ್ ಮೇಣ ಮತ್ತು ಬಣ್ಣದ ಪುಡಿ. ಅಮೆರಿಕದ ಬಿನ್ನಿ ಅಂಡ್ ಸ್ಮಿತ್ ಕಂಪನಿ 1903ರಲ್ಲಿ ಎಂಟು ಬಣ್ಣದ ಪೆಟ್ಟಿಗೆಯನ್ನು ಕ್ರೆಯೋಲಾ ಎಂಬ ಹೆಸರಿನಲ್ಲಿ ಐದು ಸೆಂಟಿಗೆ ಮಾರಲು ಸುರುಮಾಡಿತು. ಹೆಸರಿನ ಮೊದಲ ಭಾಗ ಫ್ರೆಂಚಿನ ‘ಕ್ರೆ’, ಅಂದರೆ ಸೀಮೆಸುಣ್ಣ. ನಮ್ಮ ಪುಣೆಯ ಮಕ್ಕಳು ಕ್ರೆಯಾನಿಗೆ ‘ರಂಗೀತ ಖಡು’ ಎನ್ನುತ್ತಾರೆ. ಮರಾಠಿಯಲ್ಲಿ ಖಡು ಎಂದರೂ ಸೀಮೆಸುಣ್ಣವೇ. ಸಮುದ್ರದ ಆಚೆಗೂ ಈಚೆಗೂ ಒಂದೇ ಯೋಚನೆ! ಇನ್ನು ಈ ಪ್ಯಾರಾಫಿನ್ ಕರಗಲು ಬಹಳ ಶಾಖ ಬೇಡ. ಐವತ್ತರಿಂದ ಎಪ್ಪತ್ತು ಡಿಗ್ರಿಯೊಳಗೆ ನೀರಾಗುತ್ತದೆ. ಆದ್ದರಿಂದ ಡಬ್ಬಿಯನ್ನು ನೇರ ಒಲೆಯ ಮೇಲೆ ಇಡಬಾರದು. ಕುದಿಯುವ ನೀರಿನ ಪಾತ್ರೆಯಲ್ಲಿ ಇಡಬೇಕು. ನೀರು ನೂರು ಡಿಗ್ರಿ ದಾಟುವುದಿಲ್ಲ, ಮೇಣಕ್ಕೆ ಬೆಂಕಿ ಹತ್ತುವ ಭಯವಿಲ್ಲ. ಅಲ್ಲಿಗೆ ವಿಜ್ಞಾನ ಮುಗಿಯಿತು. ಉಳಿದದ್ದು ಅಚ್ಚು.

ಅಚ್ಚು ಎಂದೊಡನೆ ನನ್ನ ಕಣ್ಣ ಮುಂದೆ ಬಂದದ್ದು ಕೋಥರೂಡಿನ ಅತ್ತೆಯ ಮನೆಯ ಅಟ್ಟ. ಅತ್ತೆ ಧಾರವಾಡದಿಂದ ಮದುವೆಯಾಗಿ ಬರುವಾಗ ತಂದ ಐದು ಸಾಗವಾನಿ ಅಚ್ಚುಗಳು ಅಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಇರುತ್ತವೆ: ಆನೆ, ಗಿಳಿ, ತೇರು, ಬೃಂದಾವನ, ಮೀನು. ಮೈಸೂರು ಕಡೆಯವರು ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದರೆ ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ. ಅಚ್ಚಿನ ಎರಡು ಹೋಳುಗಳನ್ನು ನೀರಲ್ಲಿ ನೆನೆಯಿಟ್ಟು, ಜೋಡಿಸಿ ಹುರಿಯಿಂದ ಬಿಗಿದು, ಬಿಸಿ ಪಾಕ ಸುರಿಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಬಿಳೀ ಆನೆ. ಹೆಣ್ಣುಮಕ್ಕಳು ಅದನ್ನು ತಟ್ಟೆಯಲ್ಲಿಟ್ಟುಕೊಂಡು ಗೌರಿಗೆ ಆರತಿ ಬೆಳಗಲು ಹೋಗುತ್ತಾರೆ. ಪುಣೆಯವರಿಗೂ ಇದು ಹೊಸದಲ್ಲ. ಯುಗಾದಿಯ ದಿನ ಗುಡಿಗೆ ಕಟ್ಟುವ ಸಕ್ಕರೆಯ ಗಾಠಿಯೂ ಮರದ ಅಚ್ಚಿನಲ್ಲಿ, ನಡುವೆ ದಾರ ಇಟ್ಟು, ಎರಕವಾದದ್ದೇ.

ಶನಿವಾರ ಅತ್ತೆಯ ಮನೆಯಲ್ಲಿ ಊಟ ಮಾಡಿ ಬರುವಾಗ ಆನೆ ಮತ್ತು ಗಿಳಿಯನ್ನು ಚೀಲಕ್ಕೆ ಹಾಕಿಕೊಂಡೆ. ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು ಎಂದು ಗೊತ್ತಿದ್ದುದರಿಂದಲೇ ಕೇಳಲಿಲ್ಲ. ತೊಳೆದು ವಾಪಸಿಟ್ಟರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಭಾನುವಾರ ಮೂರು ಇಟ್ಟಿಗೆಯ ಒಲೆ ಹೂಡಿದೆವು. ತುಂಡುಗಳನ್ನು ನೀರಲ್ಲಿ ನೆನೆಸಿ ಕಾಗದ ಸುಲಿಯುವುದು, ಬಣ್ಣ ಬಣ್ಣ ಬೇರೆ ಮಾಡುವುದು ಮಕ್ಕಳ ಕೆಲಸ. ಅಕ್ಷರ ತಿದ್ದುವಾಗ ಹತ್ತು ನಿಮಿಷಕ್ಕೆ ಆಕಳಿಸುತ್ತಿದ್ದವರು ಒಂದು ತಾಸು ತಲೆ ಎತ್ತಲಿಲ್ಲ. ಕುದಿಯುವ ನೀರು, ಕರಗಿದ ಮೇಣ ನಮ್ಮ ಕೆಲಸ. ಮಕ್ಕಳು ನಾಲ್ಕು ಹೆಜ್ಜೆ ದೂರ ಕೂಡಬೇಕೆಂದು ಬೂದಿಯಿಂದ ಗೆರೆ ಎಳೆದಿದ್ದೆ. ನಾಲ್ಕನೇ ನಿಮಿಷಕ್ಕೆ ಆ ಗೆರೆ ಯಾರಿಗೂ ನೆನಪಿರಲಿಲ್ಲ. ಒಬ್ಬ ಹುಡುಗನ ಬೆರಳಿಗೆ ಒಂದು ಹನಿ ಬಿತ್ತು. ಮೇಣ ನೀರಿನ ಹಾಗೆ ಜಾರಿ ಹೋಗುವುದಿಲ್ಲ, ಅಲ್ಲೇ ಕಚ್ಚಿಕೊಂಡು ಸುಡುತ್ತದೆ. ತಣ್ಣೀರಲ್ಲಿ ಬಹಳ ಹೊತ್ತು ಕೈ ಇಡಿಸಿದೆವು. ಅವನು ಅಳಲಿಲ್ಲ. ಅವನ ಅಪ್ಪನ ಕೈಯಲ್ಲಿ ಸಿಮೆಂಟು ತಿಂದ ಗಾಯಗಳನ್ನು ದಿನಾ ನೋಡುವವನು, ಇದಕ್ಕೆಲ್ಲ ಅಳಬೇಕೆಂದು ಅವನಿಗೆ ಯಾರು ಹೇಳಿದ್ದಾರೆ? ನನ್ನ ಕೈಯೇ ನಡುಗುತ್ತಿತ್ತು.

ಮೊದಲನೆಯ ಆನೆ ಸೊಂಡಿಲು ಮುರಿದುಕೊಂಡು ಬಂತು. ನಾನು ಅವಸರದಲ್ಲಿ ಅಚ್ಚನ್ನು ನೆನೆಸಿರಲಿಲ್ಲ. ನೆನೆಸಿ ಎರೆದ ಎರಡನೆಯದು ಸಲೀಸಾಗಿ ಬಿಟ್ಟಿತು. ನೀಲಿ ಆನೆ! ನಡುವೆ ಸ್ವಲ್ಪ ತಗ್ಗು. ಮೇಣ ಆರುವಾಗ ಕುಗ್ಗುತ್ತದೆ. ಬಣ್ಣದ ಪುಡಿ ತಳಕ್ಕೆ ಇಳಿದು ಕಾಲು ಕಡುನೀಲಿ, ಬೆನ್ನು ತಿಳಿನೀಲಿ. ಹುಡುಗಿಗೆ ಕೊಟ್ಟೆ. ಅವಳು ತಮ್ಮನನ್ನು ಕೆಳಗಿಳಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬರಿ” ಎಂದೆ.

“ಒಲ್ಲೆ. ಬರದ್ರ ಸವೀತೈತಿ.”

ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಬರೆಯಲೆಂದು ಬಣ್ಣ ಮಾಡಿಕೊಟ್ಟರೆ, ಅದನ್ನು ಬರೆಯಲಾರದಷ್ಟು ಚೆಂದ ಮಾಡಿ ಕೊಟ್ಟಿದ್ದೆ.

ಆಮೇಲೆ ಗಿಳಿ. ಹಸಿರು ಗಿಳಿಯನ್ನು ಅಚ್ಚಿನಿಂದ ತೆಗೆದು ಕಟ್ಟೆಯ ಮೇಲಿಟ್ಟು ಈಚೆ ತಿರುಗುವಷ್ಟರಲ್ಲಿ, ಕೆಳಗಿಳಿದಿದ್ದ ತಮ್ಮ ಅದರ ತಲೆ ಕಚ್ಚಿದ್ದ. ಬಾಯಿ ತುಂಬ ಹಸಿರು. ಅಕ್ಕ ಬೆರಳು ಹಾಕಿ ತೆಗೆದು ಬಾಯಿ ತೊಳೆಸಿದಳು. ಪುಣ್ಯಕ್ಕೆ ನುಂಗಿರಲಿಲ್ಲ. ಅವನು ಆಗ ಅತ್ತ. ಸುಟ್ಟದ್ದಕ್ಕಲ್ಲ, ಪೆಟ್ಟಿಗಲ್ಲ, ಸಿಹಿ ಇರಲಿಲ್ಲವೆಂದು ಅತ್ತ.

“ಊರಾಗ ಹುಣ್ಣಿಮಿಗೆ ಆಯಿ ಸಕ್ಕರಿ ಗಿಳಿ ಕೊಟ್ಟಿದ್ಲರಿ” ಎಂದಳು ಅಕ್ಕ, ತಪ್ಪು ತಮ್ಮನದೇ ಎನ್ನುವ ಹಾಗೆ.

ತಪ್ಪು ಅವನದಲ್ಲ. ಸಕ್ಕರೆಯ ಅಚ್ಚಿನಿಂದ ಸಕ್ಕರೆ ಬರುತ್ತದೆಂದು ನಂಬಿದ್ದ ಎರಡೂವರೆ ವರ್ಷದ ಕೂಸಿಗೆ ನಾನು ಮೇಣ ಕೊಟ್ಟಿದ್ದೆ. ಅಂದಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆ.

ಅಚ್ಚುಗಳನ್ನು ಬಿಸಿನೀರಲ್ಲಿ ತೊಳೆದೆ. ಎಷ್ಟು ತೊಳೆದರೂ ಸೊಂಡಿಲಿನ ಗೀರಿನಲ್ಲಿ ನೀಲಿ, ಗಿಳಿಯ ಕೊಕ್ಕಿನಲ್ಲಿ ಹಸಿರು ಉಳಿಯಿತು. ಕಳ್ಳನ ಹಾಗೆ ಅಟ್ಟದಲ್ಲಿಟ್ಟು ಬರಲು ಹೋಗಿ ಅತ್ತೆಯ ಕೈಗೆ ಸಿಕ್ಕಿಬಿದ್ದೆ. ಎಲ್ಲ ಹೇಳಿದೆ. ಅತ್ತೆ ಆನೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

“ಇದಕ್ಕಿನ್ನ ಪಾಕ ಹಾಕ್ಲಿಕ್ಕೆ ಬರೂದಿಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಮ್ಮವ್ವನ ಕೈಯಾಗಿಂದು. ಹುಡುಗರಿಗೆ ಅಂದಿದ್ರ ಕೊಡ್ತಿದ್ದೆ ಏನೋ. ನೀ ಕೇಳಲೇ ಇಲ್ಲ.”

ಬೈದಿದ್ದರೆ ಚೆನ್ನಾಗಿತ್ತು.

ದೀಪಾವಳಿ ಕಳೆದು ಗೌರಿ ಹುಣ್ಣಿಮೆ ಬಂತು. ಅತ್ತೆಯ ಆರತಿ ತಟ್ಟೆಯಲ್ಲಿ ಆ ವರ್ಷ ಆನೆ ಇರಲಿಲ್ಲ, ಗಿಳಿ ಇರಲಿಲ್ಲ. ಮರುದಿನ ನನ್ನನ್ನು ಕರೆಸಿ ಕಾಗದದಲ್ಲಿ ಕಟ್ಟಿದ ಒಂದು ಸಕ್ಕರೆ ತೇರು ಕೊಟ್ಟು, “ಆ ಕಚ್ಚಿದ ಹುಡುಗಗ” ಎಂದರು. ಭಾನುವಾರ ಒಯ್ದೆ. ಸ್ಲ್ಯಾಬು ಮುಗಿದಿತ್ತು. ಆ ಸಾಲಿನ ಆರು ಶೆಡ್ಡುಗಳು ಇರಲಿಲ್ಲ. ಒಲೆಯ ಇಟ್ಟಿಗೆ ಮಾತ್ರ ಇದ್ದವು. ಹಿಂಜೇವಾಡಿಗೆ ಹೋದರು ಎಂದ ಒಬ್ಬ, ಊರಿಗೇ ಹೋದರು ಎಂದ ಇನ್ನೊಬ್ಬ. ಆನೆ ಎಲ್ಲಿದೆಯೋ, ಸವೆದಿದೆಯೋ ಇಲ್ಲವೋ. ತೇರನ್ನು ಉಳಿದ ಮಕ್ಕಳಿಗೆ ಒಡೆದು ಹಂಚಿದೆ.

ನಮ್ಮ ಮಾತಿನಲ್ಲಿ ‘ಅಚ್ಚು’ ಸಕ್ಕರೆಗೂ ಸಲ್ಲುತ್ತದೆ, ಬೆಲ್ಲಕ್ಕೂ ಸಲ್ಲುತ್ತದೆ, ಪುಸ್ತಕಕ್ಕೂ ಸಲ್ಲುತ್ತದೆ. ಈ ಪತ್ರಿಕೆಯ ಸ್ಟೆನ್ಸಿಲ್ ಹಾಳೆಗೂ ಮೇಣದ್ದೇ ಲೇಪ. ಮೇಣದ ಮೇಲೆ ಮೂಡಿದ್ದನ್ನು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ ಎಂಬುದನ್ನು ನಾನು ಈಗ ಬಲ್ಲೆ.

ಈಗಲೂ ಭಾನುವಾರ ಹೋಗುತ್ತೇವೆ. ಜೂನಾ ಬಜಾರಿನಲ್ಲಿ ಕೊಂಡ ಐಸಿನ ಟ್ರೇ ನಮ್ಮ ಅಚ್ಚು. ಬರೇ ಚೌಕ ಚೌಕ ಬರುತ್ತವೆ. ಯಾರೂ ಕಚ್ಚುವುದಿಲ್ಲ, ಸವೆಯುತ್ತದೆಂದು ಯಾರೂ ಮುಚ್ಚಿಡುವುದಿಲ್ಲ, ಗೋಡೆಯ ತುಂಬ ಗೀಚುತ್ತಾರೆ. ಮನೆಯಲ್ಲಿ ಮುರಿದ ಕ್ರೆಯಾನ್ ಇದ್ದವರು ದಯವಿಟ್ಟು ಸಂಘದ ಕೋಣೆಗೆ ತಂದುಕೊಡಿ, ಕರಗಿಸುತ್ತೇವೆ. ಆದರೆ ಅದರ ಜೊತೆ ಒಂದು ಹೊಸ ಪೆಟ್ಟಿಗೆಯನ್ನೂ ಇಡಿ. ಮುರಿಯುವುದಿದ್ದರೆ ಆ ಮಕ್ಕಳೇ ಮುರಿದುಕೊಳ್ಳಲಿ.