ವಿದರ್ಭದ ಪಟ್ಟಿಯಲ್ಲಿ ಕನ್ನಡದ ಹೆಸರು

ರಣಜಿ ಋತುವಿನಲ್ಲಿ ಒಂದು ತಂಡದ ಪರಿಚಯ ಶುರುವಾಗುವುದು ಅದರ ಆಟಗಾರರ ಪಟ್ಟಿಯಿಂದ. ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವ ಈ ಪಟ್ಟಿಯನ್ನು ಹೆಚ್ಚಿನವರು ಓದುವುದಿಲ್ಲ. ಓದುವವರಿಗೆ ಮಾತ್ರ ಅದರಲ್ಲಿ ತಂಡದ ಜಾತಕವೇ ಸಿಗುತ್ತದೆ. ಕೇಳಬೇಕಾದ ಪ್ರಶ್ನೆಗಳು ಮೂರೇ: ಊರಲ್ಲೇ ಬೆಳೆದವರು ಯಾರು, ಹೊರಗಿನಿಂದ ಬಂದವರು ಯಾರು, ಬಿಟ್ಟು ಹೋದವರು ಯಾರು. ನಾಗ್ಪುರದ ವಿದರ್ಭ ತಂಡದ ಮಟ್ಟಿಗೆ ಈ ಪ್ರಶ್ನೆಗಳ ಉತ್ತರದಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ.

ಮಹಾರಾಷ್ಟ್ರ ಒಂದೇ ರಾಜ್ಯವಾದರೂ ರಣಜಿಯಲ್ಲಿ ಅಲ್ಲಿಂದ ಆಡುವ ತಂಡಗಳು ಮೂರು: ಮುಂಬೈ, ಮಹಾರಾಷ್ಟ್ರ, ವಿದರ್ಭ. ಮುಂಬೈ ನಲವತ್ತಕ್ಕೂ ಹೆಚ್ಚು ಸಲ ಗೆದ್ದು ಮೆರೆದ ಕಾಲದಲ್ಲಿ ವಿದರ್ಭವನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ನಾಗ್ಪುರದಲ್ಲಿ ಮೈದಾನಕ್ಕೆ ಬರವಿರಲಿಲ್ಲ. ಸಿವಿಲ್ ಲೈನ್ಸ್‌ನ ಹಳೆಯ ಮೈದಾನದಲ್ಲಿ 1969ರಲ್ಲೇ ನ್ಯೂಜಿಲೆಂಡ್ ವಿರುದ್ಧ ಟೆಸ್ಟ್ ನಡೆದಿತ್ತು. ವಾರ್ಧಾ ರಸ್ತೆಯ ಜಾಮ್ಠಾದಲ್ಲಿ ಕಟ್ಟಿದ ಹೊಸ ಕ್ರೀಡಾಂಗಣ 2008ರ ನವೆಂಬರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ತನ್ನ ಮೊದಲ ಟೆಸ್ಟ್ ಕಂಡಿತು. ಕೊರತೆ ಇದ್ದದ್ದು ಗೆದ್ದು ಗೊತ್ತಿರುವ ಆಟಗಾರರದು. ಅದನ್ನು ತುಂಬಲು ವಿದರ್ಭ ಕ್ರಿಕೆಟ್ ಸಂಸ್ಥೆ ಎರಡು ದಾರಿ ಹಿಡಿಯಿತು. ಒಂದು ಕಡೆ ವಸತಿ ಅಕಾಡೆಮಿ ತೆರೆದು ಊರ ಹುಡುಗರನ್ನು ಬೆಳೆಸಿತು. ಇನ್ನೊಂದು ಕಡೆ ಹೊರರಾಜ್ಯದ ಅನುಭವಿಗಳನ್ನು ಕರೆಸಿಕೊಂಡಿತು.

ಹೀಗೆ ಬರುವವರನ್ನು ಕ್ರಿಕೆಟ್ ವಲಯದಲ್ಲಿ ‘ಪ್ರೊಫೆಷನಲ್’ ಅಥವಾ ‘ಗೆಸ್ಟ್ ಪ್ಲೇಯರ್’ ಎನ್ನುತ್ತಾರೆ. ಬಿಸಿಸಿಐ ನಿಯಮದಂತೆ ಒಂದು ತಂಡ ಇಂಥವರನ್ನು ಮೂವರವರೆಗೆ ಇಟ್ಟುಕೊಳ್ಳಬಹುದು. ತವರು ಸಂಸ್ಥೆ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಕೊಟ್ಟ ಮೇಲಷ್ಟೇ ಆಟಗಾರ ಬೇರೆ ರಾಜ್ಯದ ಟೋಪಿ ಹಾಕಬಹುದು. 2021ರ ಪರಿಷ್ಕರಣೆಯ ಪ್ರಕಾರ ಆಡುವ ಹನ್ನೊಂದರಲ್ಲಿರುವವನಿಗೆ, ಆಡಿದ ಪಂದ್ಯಗಳ ಸಂಖ್ಯೆ ನೋಡಿ, ದಿನಕ್ಕೆ 40,000ದಿಂದ 60,000 ರೂಪಾಯಿ ಸಂಭಾವನೆ. ಬೆಂಚಿನಲ್ಲಿ ಕೂತವನಿಗೆ ಅದರ ಅರ್ಧ. ಅತಿಥಿ ಆಟಗಾರನಿಗೆ ಇದರ ಮೇಲೆ ಕರೆಸಿಕೊಂಡ ಸಂಸ್ಥೆಯೊಡನೆ ಪ್ರತ್ಯೇಕ ಕರಾರು ಇರುತ್ತದೆ. ಅವನ ಸ್ಥಿತಿ ಒಂದು ರೀತಿ ಮನೆಅಳಿಯನದು. ಮರ್ಯಾದೆಗೆ ಕಡಿಮೆಯಿಲ್ಲ, ಆದರೆ ಎರಡು ಪಂದ್ಯದಲ್ಲಿ ಸೊನ್ನೆಗೆ ಔಟಾದರೆ ಮನೆಯವರೆಲ್ಲ ತಿರುಗಿ ನೋಡುತ್ತಾರೆ. ಊರ ಹುಡುಗನಿಗೆ ಸಿಗುವ ಸಲುಗೆ ಅವನಿಗೆ ಸಿಗುವುದಿಲ್ಲ.

ಪಟ್ಟಿ ಕಟ್ಟುವ ಈ ವಿದ್ಯೆ ಮೈದಾನದ ಆಟಗಳಿಗೆ ಮಾತ್ರ ಸೇರಿದ್ದಲ್ಲ. ಮೊಬೈಲ್ ಮತ್ತು ಕಂಪ್ಯೂಟರ್ ಆಟಗಳ ಇ-ಸ್ಪೋರ್ಟ್ಸ್ ತಂಡಗಳೂ ಋತುವಿನಿಂದ ಋತುವಿಗೆ ಆಟಗಾರರನ್ನು ಕರಾರಿನ ಮೇಲೆ ಬದಲಿಸುತ್ತವೆ. 2025ರಲ್ಲಿ ರಿಯಾದ್‌ನ ಇ-ಸ್ಪೋರ್ಟ್ಸ್ ವಿಶ್ವಕಪ್ಪಿಗೆ ಚೆಸ್ ಸೇರಿದಾಗ ಭಾರತದ ಎಸ್‌8ಯುಎಲ್ ಸಂಸ್ಥೆ ಕೇರಳದ ಗ್ರ್ಯಾಂಡ್‌ಮಾಸ್ಟರ್ ನಿಹಾಲ್ ಸರಿನ್ ಅವರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಪರದೆಯಾಗಲಿ ಪಿಚ್ಚಾಗಲಿ, ತಂಡ ಕಟ್ಟುವವರ ಲೆಕ್ಕ ಒಂದೇ: ನಮ್ಮಲ್ಲಿಲ್ಲದ್ದು ಯಾರಲ್ಲಿದೆ?

ವಿದರ್ಭದ ಈ ಲೆಕ್ಕಕ್ಕೆ ಸಿಕ್ಕ ಮೊದಲ ಕನ್ನಡಿಗರಲ್ಲಿ ಮುಖ್ಯರಾದವರು ಗಣೇಶ್ ಸತೀಶ್. ದಾವಣಗೆರೆಯಲ್ಲಿ ಹುಟ್ಟಿ ಕರ್ನಾಟಕಕ್ಕೆ ಆಡಿ, ಕೆಲವು ಪಂದ್ಯಗಳಲ್ಲಿ ನಾಯಕತ್ವವನ್ನೂ ವಹಿಸಿದ್ದ ಬ್ಯಾಟರ್ ಅವರು. ಮುಂಬೈಯ ವಾಸಿಂ ಜಾಫರ್ ಕೂಡ ನಾಗ್ಪುರಕ್ಕೆ ಬಂದರು. 2017-18ರಲ್ಲಿ ಕೋಚ್ ಆಗಿ ಚಂದ್ರಕಾಂತ್ ಪಂಡಿತ್ ಸೇರಿದರು. ನಾಯಕ ಫೈಜ್ ಫಜಲ್, ವಿಕೆಟ್ ಕೀಪರ್ ಅಕ್ಷಯ್ ವಾಡಕರ್, ಇಂಜಿನಿಯರಿಂಗ್ ಓದಿದ ವೇಗದ ಬೌಲರ್ ರಜನೀಶ್ ಗುರ್ಬಾನಿ ಮನೆಯವರು.

ಆ ವರ್ಷದ ಡಿಸೆಂಬರಿನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಸೆಮಿಫೈನಲ್. ಎದುರಾಳಿ ಕರ್ನಾಟಕ. ವಿದರ್ಭ ಮೊದಲ ಇನಿಂಗ್ಸಿನಲ್ಲಿ 185ಕ್ಕೆ ಮುಗಿಯಿತು. ಕರ್ನಾಟಕ 301, ಅದರಲ್ಲಿ 153 ಕರುಣ್ ನಾಯರ್ ಅವರದು. ಎರಡನೇ ಇನಿಂಗ್ಸಿನಲ್ಲಿ ವಿದರ್ಭವನ್ನು 313ಕ್ಕೆ ಎತ್ತಿದ್ದು ಗಣೇಶ್ ಸತೀಶ್ ಅವರ 81. ಗೆಲ್ಲಲು 198 ಬೇಕಿದ್ದ ಕರ್ನಾಟಕ ನಾಲ್ಕನೇ ದಿನದ ಕೊನೆಗೆ 7 ವಿಕೆಟ್‌ಗೆ 111. ಐದನೇ ದಿನ ಬೆಳಗ್ಗೆ ಬಾಲಂಗೋಚಿಗಳು ಒಂದೊಂದೇ ರನ್ ಕೂಡಿಸುತ್ತ 192ರವರೆಗೆ ಬಂದು ನಿಂತರು. ಸೋಲು ಐದೇ ರನ್ನಿನದು. ಗುರ್ಬಾನಿಗೆ ಪಂದ್ಯದಲ್ಲಿ 12 ವಿಕೆಟ್.

ನೌಕರಿಯ ವರ್ಗಾವಣೆಯಿಂದ ನಾಗ್ಪುರ ಸೇರಿದ ಕನ್ನಡ ಮನೆಗಳಲ್ಲಿ ಆ ಬೆಳಗ್ಗೆ ಎರಡು ಪಕ್ಷ. ಈ ಲೇಖಕನ ಮನೆಯಲ್ಲೂ ಅದೇ ಕಥೆ. ಹಿರಿಯರು ಕರ್ನಾಟಕದ ಕಡೆ; ಮರಾಠಿ ಶಾಲೆಯ ಗೆಳೆಯರೊಡನೆ ಬೆಳೆದ ಮಕ್ಕಳು ವಿದರ್ಭದ ಕಡೆ. ಕಣ್ಣೆದುರೇ ಪಂದ್ಯ ಜಾರಿದಾಗ ಹಿರಿಯರು ಕೊನೆಗೆ ಹಿಡಿದ ಸಮಾಧಾನ, ‘ಅವರನ್ನು ಉಳಿಸಿದ್ದೂ ನಮ್ಮವನೇ ತಾನೆ’ ಎಂಬುದು. ಮಕ್ಕಳು ಅದನ್ನು ಒಪ್ಪಲಿಲ್ಲ. ಸತೀಶ್ ಈಗ ತಮ್ಮವರು ಎಂಬುದು ಅವರ ವಾದ. ಪಟ್ಟಿಯ ಲೆಕ್ಕದಲ್ಲಿ ಮಕ್ಕಳದೇ ಸರಿ.

ಇಂದೋರಿನ ಫೈನಲ್‌ನಲ್ಲಿ ಗುರ್ಬಾನಿ ಹ್ಯಾಟ್ರಿಕ್ ಹೊಡೆದರು, ವಾಡಕರ್ ಶತಕ ಬಾರಿಸಿದರು. ದೆಹಲಿಯನ್ನು 9 ವಿಕೆಟ್‌ಗಳಿಂದ ಮಣಿಸಿ 2018ರ ಹೊಸ ವರ್ಷದ ದಿನ ವಿದರ್ಭ ಮೊದಲ ಬಾರಿಗೆ ರಣಜಿ ಟ್ರೋಫಿ ಎತ್ತಿತು. ಮರುವರ್ಷ ನಾಗ್ಪುರದಲ್ಲೇ ಸೌರಾಷ್ಟ್ರವನ್ನು 78 ರನ್‌ಗಳಿಂದ ಸೋಲಿಸಿ ಉಳಿಸಿಕೊಂಡಿತು. ಆ ಋತುವಿನಲ್ಲಿ ನಲವತ್ತು ದಾಟಿದ ಜಾಫರ್ 1,037 ರನ್ ಗಳಿಸಿದರೆ, ಫೈನಲ್‌ನಲ್ಲಿ ಎಡಗೈ ಸ್ಪಿನ್ನರ್ ಆದಿತ್ಯ ಸರ್ವಟೆ 11 ವಿಕೆಟ್ ಕಿತ್ತರು.

ಎರಡನೇ ಕನ್ನಡದ ಹೆಸರು ಬಂದದ್ದು 2023ರಲ್ಲಿ. ಈಡನ್‌ನಲ್ಲಿ ವಿದರ್ಭವನ್ನು ಕಾಡಿದ ಕರುಣ್ ನಾಯರ್ ಅವರೇ ಆ ಹೆಸರು. 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಗಳಿಸಿದ್ದ ಅವರಿಗೆ ಮುಂದೆ ಭಾರತ ತಂಡದ ಬಾಗಿಲು ಮುಚ್ಚಿತು. 2022ರ ಹೊತ್ತಿಗೆ ಕರ್ನಾಟಕದ ಪಟ್ಟಿಯಿಂದಲೂ ಹೆಸರು ಬಿತ್ತು. ತನಗೆ ಇನ್ನೊಂದು ಅವಕಾಶ ಕೊಡು ಎಂದು ಅವರು ಕ್ರಿಕೆಟ್ಟನ್ನೇ ಕೇಳಿಕೊಂಡ ಟ್ವೀಟ್ ಆ ಡಿಸೆಂಬರಿನದು. ಅವಕಾಶ ನಾಗ್ಪುರದಿಂದ ಬಂತು. ವಿದರ್ಭಕ್ಕೆ ಆಡಿದ ಮೊದಲ ರಣಜಿ ಋತುವಿನಲ್ಲಿ 690 ರನ್ ಗಳಿಸಿದರು. ತಂಡ ಫೈನಲ್ ತಲುಪಿ ಮುಂಬೈಗೆ ಸೋತಿತು.

2024-25ರ ಪಟ್ಟಿ ವಿದರ್ಭದ ಎರಡೂ ದಾರಿಗಳು ಒಂದೆಡೆ ಕೂಡಿದ ಪಟ್ಟಿ. ವಾಡಕರ್ ನಾಯಕ. ಹೊರಗಿನವರು ಕರುಣ್ ಮತ್ತು ದೆಹಲಿಯ ಧ್ರುವ್ ಶೋರೆ. ಊರವರಲ್ಲಿ 960 ರನ್‌ಗಳೊಂದಿಗೆ ಋತುವಿನಲ್ಲೇ ಅತಿ ಹೆಚ್ಚು ಗಳಿಸಿದ ಯಶ್ ರಾಥೋಡ್; ಮೊದಲ ಋತು ಆಡುತ್ತಿದ್ದ ದಾನಿಶ್ ಮಾಲೇವಾರ್; 69 ವಿಕೆಟ್ ಪಡೆದು ಒಂದು ರಣಜಿ ಋತುವಿನ ದಾಖಲೆ ಬರೆದ ಎಡಗೈ ಸ್ಪಿನ್ನರ್ ಹರ್ಷ್ ದುಬೆ. ಲೀಗ್ ಹಂತದ ಏಳು ಪಂದ್ಯಗಳಲ್ಲಿ ಆರನ್ನು ಗೆದ್ದು ತಂಡ 40 ಅಂಕ ಗಳಿಸಿತು. ನಡುವೆ ನಡೆದ ವಿಜಯ್ ಹಜಾರೆ ಏಕದಿನ ಟೂರ್ನಿಯಲ್ಲಿ ಕರುಣ್ ನಾಯಕ. ಐದು ಶತಕ, 779 ರನ್, ಔಟಾದದ್ದು ಎರಡೇ ಸಲ. ವಡೋದರಾದ ಫೈನಲ್‌ನಲ್ಲಿ ಮತ್ತೆ ಕರ್ನಾಟಕ ಎದುರಾಯಿತು. ಸ್ಮರಣ್ ರವಿಚಂದ್ರನ್ ಶತಕದ ಬಲದಿಂದ 348 ಪೇರಿಸಿದ ಕರ್ನಾಟಕ 36 ರನ್‌ಗಳಿಂದ ಗೆದ್ದು ಐದನೇ ಬಾರಿ ಆ ಟ್ರೋಫಿ ಪಡೆಯಿತು. ಈ ಬಾರಿ ಸಮಾಧಾನ ಹುಡುಕುವ ಸರದಿ ನಾಗ್ಪುರದ ಮಕ್ಕಳದು.

ರಣಜಿ ಫೈನಲ್ ಫೆಬ್ರವರಿ ಕೊನೆಗೆ ಜಾಮ್ಠಾದಲ್ಲಿ ನಡೆಯಿತು. ಎದುರಾಳಿ ಮೊದಲ ಸಲ ಫೈನಲ್ ಕಂಡ ಕೇರಳ. ಕೇರಳದ ಪಟ್ಟಿಯಲ್ಲಿ ಅತಿಥಿಯಾಗಿದ್ದವರು ಬೇರಾರೂ ಅಲ್ಲ, ಆರು ವರ್ಷದ ಹಿಂದೆ ನಾಗ್ಪುರಕ್ಕೆ ಟ್ರೋಫಿ ಉಳಿಸಿಕೊಟ್ಟ ಸರ್ವಟೆ. ತವರು ಮೈದಾನದಲ್ಲೇ ತವರಿನ ವಿರುದ್ಧ 79 ರನ್ ಹೊಡೆದರು. ವಿದರ್ಭ 24ಕ್ಕೆ 3 ವಿಕೆಟ್ ಕಳೆದುಕೊಂಡಾಗ ಕೈ ಹಿಡಿದದ್ದು ಮಾಲೇವಾರ್ ಮತ್ತು ಕರುಣ್ ಅವರ 215 ರನ್‌ಗಳ ಜತೆಯಾಟ: ಅಕಾಡೆಮಿ ವಯಸ್ಸು ದಾಟಿದ ಊರ ಹುಡುಗ ಒಂದು ತುದಿಯಲ್ಲಿ, ತ್ರಿಶತಕ ಕಂಡ ಅತಿಥಿ ಇನ್ನೊಂದು ತುದಿಯಲ್ಲಿ. ಮಾಲೇವಾರ್ 153, ಕರುಣ್ 86. ಎರಡನೇ ಇನಿಂಗ್ಸಿನಲ್ಲಿ ಕರುಣ್ 135. ಪಂದ್ಯ ಡ್ರಾ ಆದರೂ ಮೊದಲ ಇನಿಂಗ್ಸಿನ 37 ರನ್ ಮುನ್ನಡೆಯಿಂದ ವಿದರ್ಭಕ್ಕೆ ಮೂರನೇ ರಣಜಿ ಟ್ರೋಫಿ.

ಆ ಬೇಸಿಗೆಯಲ್ಲಿ ಕರುಣ್ ಎಂಟು ವರ್ಷಗಳ ನಂತರ ಭಾರತದ ಟೆಸ್ಟ್ ತಂಡಕ್ಕೆ ಮರಳಿ ಇಂಗ್ಲೆಂಡಿಗೆ ಹೋದರು. 2025-26ರ ಋತುವಿಗೆ ಕರ್ನಾಟಕಕ್ಕೂ ಮರಳಿದರು. ವಿದರ್ಭದ ಪಟ್ಟಿಯಿಂದ ಕನ್ನಡದ ಆ ಹೆಸರು ಹೋಯಿತು, ತಂಡ ಕುಸಿಯಲಿಲ್ಲ. ಹೊರಗಿನವರನ್ನು ಕರೆಸಿದ ತಂಡಗಳು ದೇಶದಲ್ಲಿ ಬೇಕಾದಷ್ಟಿವೆ; ಅವರು ಹೋದ ಮೇಲೂ ನಿಲ್ಲುವಂತೆ ಮನೆಯ ಹುಡುಗರನ್ನು ಬೆಳೆಸಿದವು ಕಡಿಮೆ. ವಿದರ್ಭದ ಮೂರು ಟ್ರೋಫಿಗಳಿಗೆ ಕಾರಣ ಹುಡುಕುವವರು ಅತಿಥಿಗಳ ಹೆಸರಿನಷ್ಟೇ ಗಮನವಿಟ್ಟು ಅವರ ಪಕ್ಕದ ತುದಿಯಲ್ಲಿ ನಿಂತಿದ್ದ ಹುಡುಗರ ಹೆಸರನ್ನೂ ಓದಬೇಕು.