ಅಟ್ಟದ ಮೇಲಿನ ಗಿಟಾರು

ಮಿಶ್ರಿಕೋಟಿ,
ಆಷಾಢ, ಶುಕ್ರವಾರ ರಾತ್ರಿ

ಪ್ರೀತಿಯ ಮಗಳೇ,

ನಾಲ್ಕು ದಿನದಿಂದ ಜಿಟಿಜಿಟಿ ಮಳೆ ಬಿಟ್ಟಿಲ್ಲ. ಸೋಯಾಬೀನಿಗೆ ಎಡೆ ಹೊಡೆಯುವುದು ನಿಂತಿದೆ. ಮಳೆಗಾಲದಲ್ಲಿ ಪಂಪಸೆಟ್ಟು ಸುಟ್ಟುಕೊಂಡು ಬರುವವರೂ ಕಡಿಮೆ, ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆ. ಆಗ ನಿನ್ನ ಗಿಟಾರಿನ ನೆನಪಾಯಿತು ಎಂದರೆ ಸುಳ್ಳಾದೀತು. ಅಟ್ಟದಲ್ಲಿ ಹಂಚು ಸೋರುತ್ತಿತ್ತು, ಜೋಳದ ಚೀಲ ಸರಿಸಲು ಹೋದಾಗ ಅದು ಕಾಲಿಗೆ ತೊಡರಿತು. ಗಿಟಾರಿನ ಚೀಲದ ಜಿಪ್ಪಿನ ಮೇಲೆ ಇಲಿ ಹಲ್ಲು ಮಸೆದಿದೆ. ಒಳಗಿನ ಮಾಲಿಗೆ ಏನೂ ಆಗಿರಲಿಲ್ಲ.

ಮೂರು ವರ್ಷದ ಹಿಂದೆ ಪಂಚಮಿಗೆ ಬಂದಾಗ ನೀನು ಏನಂದೆ, ನೆನಪಿದೆಯಾ? "ಇದು ಸತ್ತೈತಿ ಕಾಕಾ, ಗುಜರಿಗೆ ಹಾಕ್ರಿ." ಐದು ಎಚ್‌ಪಿ ಮೋಟಾರು ಬಿಚ್ಚಿ ಕಾಯಿಲ್ ಸುತ್ತುವವನ ಮನೆಯಲ್ಲಿ ನಿಂತು ಆಡುವ ಮಾತೇ ಅದು? ಆವತ್ತು ಸುಮ್ಮನಿದ್ದೆ. ನಿನ್ನ ಮನಸ್ಸು ಸರಿ ಇರಲಿಲ್ಲ, ಗಿಟಾರಿನ ನೆವ ಮಾಡಿ ಬೇರೇನನ್ನೋ ಬೈಯುತ್ತಿದ್ದೆ ಅನ್ನಿಸಿತ್ತು.

ಮೊದಲು ಮೀಟರ್ ಹಚ್ಚಿದೆ. ತಂತಿಗಳ ಕೆಳಗೆ ಮೂರು ಬಿಳಿ ಪಟ್ಟಿ ಇವೆಯಲ್ಲ, ನೀವು ಪಿಕಪ್ ಅನ್ನುತ್ತೀರಿ, ಮೂರೂ ಆರೂವರೆ ಕಿಲೋ ಓಮ್ ಆಸುಪಾಸು ತೋರಿಸಿದವು. ಅಂದರೆ ಜೀವ ಇದೆ. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅದುರಿದರೆ ಕೆಳಗಿನ ಕಾಯಿಲಿನಲ್ಲಿ ಕರೆಂಟು ಹುಟ್ಟುತ್ತದೆ. ನನ್ನ ಮೋಟಾರು ಕರೆಂಟು ತಿಂದು ತಿರುಗುತ್ತದೆ, ಇದು ಅದುರಿ ಕರೆಂಟು ಕೊಡುತ್ತದೆ. ನಿನ್ನ ಅಪ್ಪನ ಸೈಕಲ್ಲಿನ ಡೈನಮೋ ಇತ್ತಲ್ಲ, ಅದರ ಬಳಗ. ನಮ್ಮ ಕಸುಬಿನ ಸಾಮಾನೇ ಇದು ಎಂದು ಗೊತ್ತಾದ ಮೇಲೆ ಕೈಗೆ ಧೈರ್ಯ ಬಂತು.

ನಿನ್ನ ಸತ್ತ ಗಿಟಾರಿನ ರೋಗ ಇಷ್ಟೇ ಆಗಿತ್ತು: ವೈರು ಚುಚ್ಚುವ ಜಾಕಿನ ನಟ್ಟು ಸಡಿಲಾಗಿದೆ. ಸಡಿಲಾದದ್ದನ್ನು ನೀನು ಕೈಯಿಂದಲೇ ತಿರುವಿ ತಿರುವಿ ಬಿಗಿ ಮಾಡಿದ್ದೀ. ಹೊರಗೆ ನಟ್ಟು ತಿರುಗಿದಾಗಲೆಲ್ಲ ಒಳಗೆ ಜಾಕೂ ತಿರುಗಿ, ಅದರ ಎರಡು ವೈರು ಹುರಿಯಾಗಿ, ಒಂದು ಕಿತ್ತುಕೊಂಡಿತು. ದೋಣಿಯಂಥ ತಗಡಿನ ಎರಡು ಸ್ಕ್ರೂ ಬಿಚ್ಚಿದ್ದೇ ತಡ, ಕಳ್ಳ ಸಿಕ್ಕ. ಕಿತ್ತುಹೋದ ವೈರಿನ ತುದಿ ಕಪ್ಪಾಗಿತ್ತು. ಬ್ಲೇಡಿನಿಂದ ಕೆರೆದು, ಹೊಳಪು ಬಂದ ಮೇಲೆ 25 ವ್ಯಾಟಿನ ಸಣ್ಣ ಸೋಲ್ಡರಿಂಗ್ ಐರನ್ನಿನಿಂದ ಸೋಲ್ಡರ್ ಹಾಕಿದೆ. ಒಂದು ಮಾತು ನೆನಪಿಡು, ಸೀಸ ಆರುವ ತನಕ ಊದಬಾರದು, ಅಲ್ಲಾಡಿಸಬಾರದು. ಬೆಸುಗೆ ಬೂದಿಬಣ್ಣಕ್ಕೆ ತಿರುಗಿತೆಂದರೆ ಅದು ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ವಾಲ್ಯೂಮಿನ ಗುಂಡಿ ತಿರುವಿದರೆ ಒಣ ಎಲೆ ತುಳಿದ ಹಾಗೆ ಚರಪರ ಅನ್ನುತ್ತಿತ್ತು. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಅತ್ತಿತ್ತ ತಿರುವಿದೆ, ಮುಗಿಯಿತು.

ಇಷ್ಟಾದ ಮೇಲೂ ಆಂಪ್ಲಿಫೈಯರಿಗೆ ಹಚ್ಚಿದರೆ ಗುಂಯ್ ಅನ್ನುವುದು ಹೋಗಲಿಲ್ಲ. ತಂತಿ ಮುಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹಿಂದಿನ ಮುಚ್ಚಳ ತೆಗೆದು ನೋಡಿದರೆ, ಸ್ಪ್ರಿಂಗುಗಳನ್ನು ಹಿಡಿದಿರುವ ಕಬ್ಬಿಣದ ಪಂಜಕ್ಕೆ ಬೆಸೆದಿದ್ದ ಅರ್ತಿಂಗ್ ವೈರು ಬಿಟ್ಟುಕೊಂಡಿದೆ. ಅಲ್ಲಿ ಸಣ್ಣ ಐರನ್ನು ನಡೆಯುವುದಿಲ್ಲ, ಆ ಲೋಹ ಬಿಸಿಯನ್ನೆಲ್ಲ ನುಂಗುತ್ತದೆ. ಮೋಟಾರಿಗೆ ಬಳಸುವ ನನ್ನ ದೊಡ್ಡ ಐರನ್ನು ಅಲ್ಲಿ ಉಪಯೋಗಕ್ಕೆ ಬಂತು. ಈಗ ತಂತಿ ಮುಟ್ಟಿದರೆ ಸದ್ದು ತಗ್ಗುತ್ತದೆ.

ಇಲ್ಲಿ ಸ್ವಲ್ಪ ಬೈಯಬೇಕು ನಿನ್ನ. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದೀಯಲ್ಲ, ಯಾರು ಹೇಳಿಕೊಟ್ಟರು? ಗಿಟಾರಿನ ತಂತಿ ವೈರಿನ ಮೂಲಕ ಆಂಪ್ಲಿಫೈಯರಿನ ಮೈಗೆ ಕೂಡಿರುತ್ತದೆ. ಅಲ್ಲಿ ಏನಾದರೂ ಶಾರ್ಟ್ ಆದರೆ ಕರೆಂಟು ಸೀದಾ ನಿನ್ನ ಬೆರಳಿಗೆ ಬರುತ್ತದೆ. ಅಡಾಪ್ಟರ್ ಮುರಿದು ಒಗೆದಿದ್ದೇನೆ. ಮನೆಯ ಅರ್ತಿಂಗ್ ಗುಂಡಿಗೂ ಹೊಸದಾಗಿ ಉಪ್ಪು, ಇದ್ದಿಲು ಹಾಕಿಸಿದೆ. ಬೆಂಗಳೂರಿನ ನಿನ್ನ ಖೋಲಿಯ ಸಾಕೆಟ್ಟನ್ನೂ ಯಾರಿಗಾದರೂ ತೋರಿಸು.

ನಿನ್ನ ತಮ್ಮ ಮೊಬೈಲಿನಲ್ಲಿ ಒಂದು ಸಂಗತಿ ಓದಿ ಹೇಳಿದ, ಎರಡು ದಿನ ಅದೇ ಗುಂಗಿನಲ್ಲಿದ್ದೆ. ನಿನ್ನದು ಯಾವುದರ ನಕಲೋ ಆ ಸ್ಟ್ರಾಟೋಕಾಸ್ಟರ್ ಗಿಟಾರನ್ನು 1954ರಲ್ಲಿ ಹೊರತಂದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವನಂತೆ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬಲ್ಲಿ ಅಂಗಡಿ ಇಟ್ಟಿದ್ದ. ಅವನಿಗೆ ಗಿಟಾರು ನುಡಿಸಲು ಬರುತ್ತಲೇ ಇರಲಿಲ್ಲವಂತೆ! ನಾಲ್ಕು ಸ್ಕ್ರೂ ಬಿಚ್ಚಿದರೆ ಕುತ್ತಿಗೆಯೇ ಕೈಗೆ ಬರುವಂತೆ ಯಾಕೆ ಮಾಡಿದ್ದಾನೆಂದು ಆಗ ತಿಳಿಯಿತು. ರಿಪೇರಿ ಮಾಡುವವನ ಕಷ್ಟ ಬಲ್ಲವನು. ನಿನ್ನ ಚಿಗವ್ವನಿಗೆ ಹೇಳಿದರೆ, "ಅವಾ ಶ್ರೀಮಂತ ಆದಾ, ನೀವು?" ಅಂದಳು.

ಕುತ್ತಿಗೆ ಮಳೆಯ ಥಂಡಿಗೆ ಸ್ವಲ್ಪ ಬಾಗಿತ್ತು. ಕಟ್ಟಿಗೆಯ ಗುಣವೇ ಅದು. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವರು ಸಾಗವಾನಿಯನ್ನೇ ಯಾಕೆ ಹುಡುಕುತ್ತಾರೆ ಹೇಳು, ಅದು ಬೇಗ ಡೊಂಕಾಗುವುದಿಲ್ಲ. ಗಿಟಾರಿನ ಕುತ್ತಿಗೆಯೊಳಗೆ ಉಕ್ಕಿನ ಸರಳು ಇರುತ್ತದೆ. ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ ಮೊದಲನೆಯದರ ಮತ್ತು ಕೊನೆಯದರ ಹತ್ತಿರ ತಂತಿ ಒತ್ತಿ ಹಿಡಿದು ನಡುವೆ ನೋಡಿದೆ, ಒಂದು ಲಗ್ನಪತ್ರಿಕೆ ಮಡಚಿ ತೂರಿಸುವಷ್ಟು ಸಂದು. ವಿಸಿಟಿಂಗ್ ಕಾರ್ಡಿನಷ್ಟಿದ್ದರೆ ಸಾಕಿತ್ತು. ಅಲನ್ ಕೀ ಹಾಕಿ ಕಾಲು ಸುತ್ತು ಬಿಗಿ ಮಾಡಿ, ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ನೋಡಿದೆ. ಅವಸರ ಮಾಡಿದರೆ ಸರಳು ಮುರಿಯುತ್ತದೆ. ಮುರಿದರೆ ನನ್ನಿಂದಲೂ ಆಗದು.

ಇನ್ನು ನಿಜವಾದ ತಕರಾರು. ತಲೆಯ ಹತ್ತಿರ ತಂತಿಗಳು ಕೂರುವ ಬಿಳಿ ಪಟ್ಟಿಯಲ್ಲಿ ಎರಡು ಗೀರು ಸವೆದು ಆಳವಾಗಿದ್ದವು. ಹಾಗಾಗಿ ಕೊನೆಯ ಎರಡು ಸಣ್ಣ ತಂತಿ ಮೊದಲ ಅಡ್ಡಪಟ್ಟಿಗೆ ತಾಗಿ ಝೇಂಕರಿಸುತ್ತಿದ್ದವು. ಮದ್ದು ಅಡಿಗೆಮನೆಯಲ್ಲೇ ಇತ್ತು. ಮಿರ್ಚಿ ಭಜಿಗೆ ಹಾಕುವ ಸೋಡಾ ಒಂದು ಚಿಟಿಕೆ ಗೀರಿಗೆ ತುಂಬಿ, ಫೆವಿಕ್ವಿಕ್ ಒಂದು ಹನಿ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಹೊಗೆ ಕಣ್ಣಿಗೆ ಉರಿ, ಮುಖ ದೂರ ಇಡಬೇಕು. ಆಮೇಲೆ ಸಣ್ಣ ಅರದಿಂದ ಹೊಸ ಗೀರು ತಿದ್ದಬೇಕು. ಮೊದಲ ಸಲ ಅರ ಜಾರಿ ಆಳ ಹೆಚ್ಚಾಯಿತು, ಮತ್ತೆ ಸೋಡಾ. ಎರಡನೆಯ ಸಲಕ್ಕೆ ತಂತಿ ಸ್ವಚ್ಛ ನುಡಿಯಿತು.

ಇನ್ನೊಂದು ತಂತಿಗೆ ಕೈ ಹಾಕುವಷ್ಟರಲ್ಲಿ ಪಡಸಾಲೆಯಿಂದ ಆಯಿ ಕೂಗಿದಳು: "ಯಾಕ ನಿಲ್ಲಿಸಿದ್ಯೋ? ಛಲೋ ಬರಾಕತ್ತಿತ್ತಲ್ಲ." ನಾನು ಕೆಟ್ಟದ್ದು ಎಂದು ತಿದ್ದುತ್ತಿದ್ದ ಝೇಂಕಾರ ಅವಳಿಗೆ ಅಜ್ಜನ ತಂಬೂರಿ. ಮಠದ ಭಜನೆಗೆ ಹೋಗುವ ಮುನ್ನ ಅಜ್ಜ ತಂತಿಯ ಕೆಳಗೆ ನೂಲಿನ ಎಳೆ ಸರಿಸಿ ಸರಿಸಿ ಜವಾರಿ ಹಿಡಿಯುತ್ತಿದ್ದುದು ನನಗೂ ನೆನಪಿದೆ. ತಂಬೂರಿಯಲ್ಲಿ ಆ ಝೇಂಕಾರ ತರಲು ಅಷ್ಟು ಒದ್ದಾಡುತ್ತಾರೆ, ಗಿಟಾರಿನಲ್ಲಿ ಅದೇ ಬಂದರೆ ರಿಪೇರಿ! ಆಯಿಗೆ ಇದನ್ನೆಲ್ಲ ವಿವರಿಸಲು ಹೋದೆ. ಅವಳು ಕೇಳಲಿಲ್ಲ. ಈಗ ದಿನಾ ಸಂಜೆ ಗಿಟಾರು ತರಿಸಿಕೊಂಡು ಆ ಒಂದೇ ತಂತಿಯನ್ನು ಬೆರಳಿನಿಂದ ಮೀಟುತ್ತಾಳೆ, ಆಂಪ್ಲಿಫೈಯರ್ ಇಲ್ಲದೆ, ಕಿವಿ ಮರಕ್ಕೆ ಹಚ್ಚಿ.

ಅದಕ್ಕೇ ಆ ಗೀರನ್ನು ಹಾಗೇ ಬಿಟ್ಟಿದ್ದೇನೆ. ಸೋಡಾ ಡಬ್ಬಿ, ಅರ ಎರಡೂ ಗೂಡಿನಲ್ಲಿವೆ. ಪಂಚಮಿಗೆ ಬಂದಾಗ ನೀನೂ ಅವಳೂ ಕೂತು ಏನು ಮಾಡಬೇಕೆಂದು ಹೇಳಿ. ಬರುವಾಗ 009ರ ತಂತಿಯ ಒಂದು ಸೆಟ್ಟು ತಾ, ಇವು ತುಕ್ಕು ಹಿಡಿದಿವೆ. ಶೇಂಗಾ ಉಂಡಿಗೆ ಬೆಲ್ಲ ತರಿಸಿ ಆಗಿದೆ. ಹುಬ್ಬಳ್ಳಿ ಮುಟ್ಟಿದ ಕೂಡಲೇ ಫೋನು ಮಾಡು, ಗಾಡಿ ತಗೊಂಡು ಬರುತ್ತೇನೆ.

ನಿನ್ನ
ಕಾಕಾ