ತಾಳ್ಮೆಯ ಫಲ

ಕಷ್ಟವು ಮನುಷ್ಯನನ್ನು ತಿದ್ದುವುದೆಂದು ಹಿರಿಯರು ಹೇಳುವುದುಂಟು. ಈ ಮಾತು ಅರ್ಧ ನಿಜ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಬಾಳುವ ನಾವು ೨೦೨೩ನೆಯ ಇಸವಿಯಲ್ಲಿ ಮಳೆ ಕೈಕೊಟ್ಟಾಗ ಇದನ್ನು ಕಣ್ಣಾರೆ ಕಂಡೆವು. ಒಂದು ಮನೆಯ ಯಜಮಾನನು ದೈವವನ್ನೂ ನೆರೆಯವರನ್ನೂ ಹಳಿಯುತ್ತ, ಸ್ವಂತ ಮಕ್ಕಳೇ ಬಳಿಗೆ ಬರಲು ಅಂಜುವಷ್ಟು ಬಿರುಸಾದನು. ಅವನಷ್ಟೇ ನಷ್ಟವುಂಡ ಮಗ್ಗುಲ ಮನೆಯವರು ಇದ್ದ ಜೋಳದಲ್ಲಿಯೇ ಒಂದು ಸೇರನ್ನು ತಮಗಿಂತ ಬಡವರಿಗೆಂದು ತೆಗೆದಿಟ್ಟರು. ಹೊಲವನ್ನು ಬಿರಿಯಿಸುವ ಬಿಸಿಲೇ ತೆನೆಯನ್ನು ಮಾಗಿಸುವುದು. ಆದುದರಿಂದ ಕಷ್ಟವು ಬಂದಿತೇಕೆ ಎಂಬುದಕ್ಕಿಂತಲೂ, ಆಗ ನಾವು ಯಾವುದನ್ನು ಹಿಡಿದು ನಿಂತೆವು ಎಂಬುದೇ ದೊಡ್ಡ ಪ್ರಶ್ನೆ.

ನಮ್ಮ ಕ್ರೈಸ್ತ ಕುಟುಂಬಗಳಲ್ಲಿಯೂ ರೋಗವೋ ಸಾಲವೋ ಸಾವೋ ಬಂದೊಡನೆ, ದೇವರು ನಮ್ಮನ್ನು ಕೈಬಿಟ್ಟನೆಂದು ಎದೆಗುಂದುವವರು ಬಹು ಮಂದಿ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಕಷ್ಟದಿಂದ ನಿರೀಕ್ಷೆಯವರೆಗೆ ಒಂದು ಏಣಿಯನ್ನೇ ತೋರಿಸಿದ್ದಾನೆ. ಅದರ ನಡುವಣ ಮೆಟ್ಟಿಲುಗಳು ತಾಳ್ಮೆ ಮತ್ತು ಪಕ್ವವಾದ ಗುಣ. ಇವನ್ನು ಬಿಟ್ಟು ಕೊನೆಯ ಮೆಟ್ಟಿಲಿಗೆ ಹಾರುವುದು ಯಾರಿಗೂ ಆಗದು. ತಾಳ್ಮೆಯೆಂದರೆ ಕೈಕಟ್ಟಿ ಕುಳಿತಿರುವುದಲ್ಲ. ಕಣ್ಣೀರನ್ನು ಒರಸಿಕೊಂಡು ಕೈಯಲ್ಲಿದ್ದ ಕೆಲಸವನ್ನು ಮುಂದುವರಿಸುವುದು.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ೧೯೯೭ರಲ್ಲಿ ಹಾವೇರಿ ಜಿಲ್ಲೆ ಬೇರೆಯಾಗುವವರೆಗೆ ನಮ್ಮ ನಾಲ್ಕು ತಾಲೂಕುಗಳೂ ಧಾರವಾಡ ಜಿಲ್ಲೆಗೇ ಸೇರಿದ್ದುವು. ಆ ಧಾರವಾಡದಲ್ಲಿಯೂ ಹುಬ್ಬಳ್ಳಿಯಲ್ಲಿಯೂ ದುಡಿದ ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲರು ಜರ್ಮನಿಯಿಂದ ಕನ್ನಡ ನಾಡಿಗೆ ಬಂದುದು ೧೮೫೩ರಲ್ಲಿ, ಇಪ್ಪತ್ತೊಂದು ವರ್ಷದ ಪ್ರಾಯದಲ್ಲಿ. ಕನ್ನಡಿಗರ ನಡುವೆ ಕನ್ನಡಿಗರಂತಿರಬೇಕೆಂದು ಅವರು ಇಲ್ಲಿಯ ಭಾಷೆಯನ್ನೂ ಆಚಾರವನ್ನೂ ಸಂಗೀತವನ್ನೂ ಕಲಿಯತೊಡಗಿದರು. ಉಪದೇಶಿಸಲು ಬಂದವರು ವಿದ್ಯಾರ್ಥಿಗಳಾದರು. ಇದು ಮಿಶನ್ನಿನವರಿಗೇ ಸರಿದೋರದೆ, ಅವರು ಕಠಿಣವಾದ ಆಕ್ಷೇಪಣೆಗಳನ್ನು ಕೇಳಬೇಕಾಯಿತು. ೧೮೬೪ರಲ್ಲಿ ಪತ್ನಿ ಪೌಲೀನ್ ತೀರಿಕೊಂಡರು. ಸ್ವಜನರ ಅಸಮಾಧಾನವೊಂದು ಕಡೆ, ಬರಿದಾದ ಮನೆಯೊಂದು ಕಡೆ. ಆಗ ಅವರು ಕೈಗೊಂಡ ಕೆಲಸವನ್ನು ಬಿಟ್ಟಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ.

ಅವರು ಬಿಡಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚುಹಾಕಿಸಿದರು. ದೇಶೀಯ ಪಂಡಿತರ ನೆರವಿನಿಂದ ವರ್ಷಗಟ್ಟಲೆ ದುಡಿದು, ಸುಮಾರು ೭೦,೦೦೦ ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ೧೮೯೪ರಲ್ಲಿ ಮಂಗಳೂರಿನಿಂದ ಹೊರತಂದರು. ಅದರಲ್ಲಿ ಹಳೆಯ ಕವಿಗಳ ಶಬ್ದಗಳ ಮಗ್ಗುಲಿಗೇ ಜನರ ಬಾಯಲ್ಲಿಯ ಗಾದೆಗಳೂ ಕುಳಿತಿವೆ. ೧೯೦೩ರಲ್ಲಿ, ತೀರಿಕೊಂಡ ವರ್ಷದಲ್ಲಿಯೇ, ಅವರ ಕನ್ನಡ ವ್ಯಾಕರಣವೂ ಪ್ರಕಟವಾಯಿತು. ಆ ನಿಘಂಟಿನ ಪುಟಗಳನ್ನು ತಿರುವುವಾಗ ನಮಗೆ ಬರೆದವರ ದುಃಖವು ಎಲ್ಲಿಯೂ ಕಾಣುವುದಿಲ್ಲ. ಒಂದೊಂದು ಪದವನ್ನೂ ಅಲಕ್ಷಿಸದ ಪ್ರಾಮಾಣಿಕತೆಯೇ ಕಾಣುವುದು. ಕಷ್ಟವು ಗುಣವಾಗಿ ಮಾಗುವುದೆಂದರೆ ಇದೇ.

ಈ ಗುಣವು ಒಂದೇ ಮತದವರ ಸ್ವತ್ತೆಂದು ನಾವು ಹೇಳಲಾರೆವು. ಹಾನಗಲ್ಲ ತಾಲೂಕಿನಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬನು ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಪಂಚಾಕ್ಷರಿ ಗವಾಯಿಗಳೆಂದು ಹೆಸರಾದುದನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ೧೯೪೪ರಲ್ಲಿ ಕಾಲವಾದ ಅವರು ತಮಗೆ ದೊರೆತ ಸಂಗೀತವನ್ನು ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳಿಗೂ ಧಾರೆಯೆರೆದರು; ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅದಕ್ಕೆ ಸಾಕ್ಷಿಯಾಗಿದೆ.

ಯೇಸುಸ್ವಾಮಿಯು ಶಿಲುಬೆಯ ಮೇಲಿನ ಪ್ರಾಣಸಂಕಟದಲ್ಲಿಯೂ ತಾಯಿಯ ಯೋಗಕ್ಷೇಮವನ್ನು ಮರೆಯದೆ, ಆಕೆಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿಕೊಟ್ಟನೆಂದು ಯೋಹಾನನು ಬರೆದಿದ್ದಾನೆ. ತನ್ನ ನೋವಿನ ನಡುವೆ ಇನ್ನೊಬ್ಬರ ನೋವಿನ ಕಡೆಗೆ ತಿರುಗುವುದೇ ವಿಶ್ವಾಸದ ಗುರುತು. ಆದುದರಿಂದ ಸಂಜೆಯ ಪ್ರಾರ್ಥನೆಗೆ ಮನೆಮಂದಿಯೆಲ್ಲ ಕೂಡಿದಾಗ, “ಈ ಕಷ್ಟವನ್ನು ಕಳೆ” ಎಂದು ಬೇಡುವುದರ ಜೊತೆಗೆ, “ನಾಳೆ ಯಾರಿಗೆ ಏನು ಮಾಡಲಿ, ತೋರಿಸು” ಎಂದೂ ಬೇಡೋಣ. ಮೊದಲನೆಯ ಬೇಡಿಕೆಗೆ ಉತ್ತರವು ತಡವಾದೀತು. ಎರಡನೆಯದಕ್ಕೆ ಉತ್ತರವು ಮರುದಿನ ಬೆಳಿಗ್ಗೆ ಬಾಗಿಲಲ್ಲಿಯೇ ನಿಂತಿರುವುದು.